14 ವರ್ಷದ ಬೆಕ್ಕು ನಡುರಾತ್ರಿ ಅರಚುತ್ತದೆ: ಎಲ್ಲಿಂದ ಶುರು ಮಾಡಬೇಕು?

ಕಿಟಕಿಕಟ್ಟೆ (ಪ್ರಶ್ನೆ):

ಹೆಣ್ಣು ಬೆಕ್ಕು, 14 ವರ್ಷ, ಸಂತಾನಹರಣ ಆಗಿದೆ, ಮನೆಯೊಳಗೇ ಇರುವಂಥದ್ದು. ತೂಕ ಈಗ 3.6 ಕೆಜಿ, ಹೋದ ವರ್ಷ 4.1 ಇತ್ತು. ಆರು ವಾರದಿಂದ ರಾತ್ರಿ 2ರಿಂದ 4ರ ನಡುವೆ ಹಜಾರದ ಮಧ್ಯೆ ನಿಂತು ಎಳೆದೆಳೆದು ಕೂಗುತ್ತದೆ. ಹಸಿವಿನ ಮಿಯಾಂವ್ ಅಲ್ಲ, ಗಂಟಲಾಳದ ದನಿ. ಹೆಸರು ಹಿಡಿದು ಕರೆದರೆ ಒಮ್ಮೊಮ್ಮೆ ನಿಲ್ಲಿಸಿ ಹತ್ತಿರ ಬರುತ್ತದೆ. ಊಟ ಚೆನ್ನಾಗಿದೆ, ಹಗಲೆಲ್ಲ ನಿದ್ದೆ. ಎರಡು ಸಲ ಲಿಟರ್ ಟ್ರೇ ಪಕ್ಕದಲ್ಲೇ ಮೂತ್ರ ಮಾಡಿದೆ. ಎದ್ದು ಸ್ವಲ್ಪ ಊಟ ಹಾಕಿದರೆ ಅರ್ಧ ಗಂಟೆ ಸುಮ್ಮನಿರುತ್ತದೆ. "ಗಮನ ಕೊಡಬೇಡಿ, ತಾನೇ ನಿಲ್ಲಿಸುತ್ತೆ" ಅನ್ನುವ ಸಲಹೆ ಎಲ್ಲ ಕಡೆ ಇದೆ. ಹಾಗೇ ಮಾಡಲೇ?

ಬೂದುಬಾಲ:

ಈಗಲೇ ಬೇಡ. ಆ ಸಲಹೆ ಆರೋಗ್ಯವಾಗಿರುವ ಎಳೆಯ ಬೆಕ್ಕಿಗೆ ಸರಿ. ಹತ್ತು ದಾಟಿದ ಬೆಕ್ಕು ಹೊಸದಾಗಿ ರಾತ್ರಿ ಅರಚಲು ಶುರು ಮಾಡಿದರೆ ಅದನ್ನು ರೋಗಲಕ್ಷಣ ಎಂದೇ ಹಿಡಿಯಬೇಕು. ನೀವು ಕೊಟ್ಟ ವಿವರದಲ್ಲಿ ನನ್ನನ್ನು ಹೆಚ್ಚು ಕಾಡುವುದು ಕೂಗಲ್ಲ, ತೂಕ. 4.1ರಿಂದ 3.6 ಅಂದರೆ ನೂರಕ್ಕೆ ಹನ್ನೆರಡರಷ್ಟು ಇಳಿದಿದೆ. ಊಟ ಚೆನ್ನಾಗಿದ್ದೂ ಇಷ್ಟು ಇಳಿಯಲು ಏನೋ ಕಾರಣ ಇರಲೇಬೇಕು.

ಮೊದಲ ಅನುಮಾನ ಥೈರಾಯ್ಡ್ ಅತಿಸ್ರಾವ. ಚೆನ್ನಾಗಿ ತಿಂದೂ ಸೊರಗುವುದು, ಚಡಪಡಿಕೆ, ಆಗಾಗ ವಾಂತಿ, ವೇಗದ ಎದೆಬಡಿತ, ರಾತ್ರಿ ಕೂಗು ಇವೆಲ್ಲ ಅದರ ಜೊತೆ ಬರುತ್ತವೆ. ರಕ್ತದಲ್ಲಿ ಟಿ4 (ಥೈರಾಯ್ಡ್ ಹಾರ್ಮೋನು) ನೋಡಿದರೆ ಬಹುತೇಕ ತಿಳಿಯುತ್ತದೆ. ಆದರೆ ಬೇರೆ ಕಾಯಿಲೆ ಜೊತೆಗಿದ್ದರೆ ಟಿ4 ಕೆಳಗಿಳಿದು ಸಾಮಾನ್ಯ ಮಟ್ಟದ ಮೇಲಂಚಿನಲ್ಲಿ ಅವಿತಿರಬಹುದು. ಆಗ ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು, ಇಲ್ಲವೇ ಫ್ರೀ ಟಿ4 ಕೇಳಬೇಕು.

ಎರಡನೆಯದು ಕಿಡ್ನಿ. ಕ್ರಿಯಾಟಿನಿನ್ ಜೊತೆ ಎಸ್‌ಡಿಎಂಎ ಕೂಡ ಮಾಡಿಸಿ, ಎರಡೂ ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆಗಳು. ಕ್ರಿಯಾಟಿನಿನ್ ಸ್ನಾಯುವಿನಿಂದ ಬರುವುದರಿಂದ, ಸೊರಗಿದ ಬೆಕ್ಕಿನಲ್ಲಿ ಅದು ಇರಬೇಕಾದ್ದಕ್ಕಿಂತ ಕಡಿಮೆ ತೋರಿಸಿ ದಾರಿ ತಪ್ಪಿಸುತ್ತದೆ. ಮೂತ್ರದ ಸಾಂದ್ರತೆ ಬಿಡಲೇಬೇಡಿ: 1.035ಕ್ಕಿಂತ ಕಡಿಮೆ ಇದ್ದರೆ ಕಿಡ್ನಿ ನೀರನ್ನು ಸರಿಯಾಗಿ ಹಿಡಿದಿಡುತ್ತಿಲ್ಲ ಎಂಬ ಅನುಮಾನಕ್ಕೆ ಅದು ಸಾಕು. ಸಕ್ಕರೆಯೂ ಅದೇ ರಕ್ತದಲ್ಲಿ ಗೊತ್ತಾಗುತ್ತದೆ.

ಮೂರನೆಯದು ರಕ್ತದೊತ್ತಡ. ಇದನ್ನು ಕೇಳಿ ಮಾಡಿಸಿಕೊಳ್ಳದೆ ಹೋದರೆ ಎಷ್ಟೋ ಸಲ ಯಾರೂ ನೋಡುವುದೇ ಇಲ್ಲ. ಕಿಡ್ನಿ ಅಥವಾ ಥೈರಾಯ್ಡ್ ತೊಂದರೆಯ ಬೆನ್ನಿಗೇ ಬಿ.ಪಿ. ಏರುತ್ತದೆ, ಮತ್ತು ರಾತ್ರಿ ಕೂಗಿಗೆ ಅದೊಂದೇ ಕಾರಣವಾಗಬಲ್ಲದು. ಅಳೆಯುವ ಮೊದಲು ಬೆಕ್ಕನ್ನು ನಿಶ್ಶಬ್ದ ಕೋಣೆಯಲ್ಲಿ 5ರಿಂದ 10 ನಿಮಿಷ ಸುಮ್ಮನೆ ಬಿಡಬೇಕು. ಮೊದಲ ಅಳತೆಯನ್ನು ಕೈಬಿಟ್ಟು, ನಂತರದ ಐದಾರು ಅಳತೆಗಳ ಸರಾಸರಿ ಹಿಡಿಯಬೇಕು. ಒಂದೇ ಸಲ ಅಳೆದು "ಹೆದರಿಕೆಗೆ ಏರಿದೆ ಬಿಡಿ" ಅಂದರೆ ಒಪ್ಪಬೇಡಿ. ಮೇಲಿನ ಸಂಖ್ಯೆ 140ರೊಳಗೆ ಸರಿ, 160 ದಾಟಿದರೆ ಹೆಚ್ಚು, 180 ದಾಟಿದರೆ ಕಣ್ಣು, ಮಿದುಳು, ಹೃದಯ, ಕಿಡ್ನಿ ನಾಲ್ಕಕ್ಕೂ ಅಪಾಯ.

ವೈದ್ಯರ ಬಳಿ ಹೋಗುವ ಮೊದಲು ಐದು ದಿನದ ಲೆಕ್ಕ ಇಡಿ. ಕೂಗಿದ ಹೊತ್ತು, ನಿಂತ ಜಾಗ, ಎಷ್ಟು ನಿಮಿಷ, ಯಾವುದರಿಂದ ನಿಂತಿತು. ಒಂದಾದರೂ ವಿಡಿಯೋ ಇರಲಿ, ದನಿ ಕೇಳುವಂತೆ. ನೀರನ್ನು ಅಳೆದು ಹಾಕಿ, 24 ಗಂಟೆ ಬಿಟ್ಟು ಉಳಿದದ್ದನ್ನು ಅಳೆಯಿರಿ. ಪಕ್ಕದಲ್ಲಿ ಬೆಕ್ಕಿಗೆ ಎಟುಕದಂತೆ ಅಂಥದೇ ಬಟ್ಟಲು ಇಟ್ಟರೆ ಆವಿಯಾದದ್ದೂ ಗೊತ್ತಾಗುತ್ತದೆ. ದಿನಕ್ಕೆ ಕೆಜಿಗೆ 50 ಮಿ.ಲೀ. (ನಿಮ್ಮದಕ್ಕೆ 180) ದಾಟಿದರೆ ಅನುಮಾನ, 100 ದಾಟಿದರೆ ಖಚಿತವಾಗಿ ಅತಿಯಾಯಿತು. ಹಸಿ ಡಬ್ಬಿ ಆಹಾರ ತಿನ್ನುವ ಬೆಕ್ಕು ಇದಕ್ಕಿಂತ ಎಷ್ಟೋ ಕಡಿಮೆ ಕುಡಿಯಬೇಕು.

ಮಾಳಿಗೆಬೆಕ್ಕು:

ಮನೆಯಲ್ಲೇ ಇನ್ನೆರಡು ಪರೀಕ್ಷೆ ಮಾಡಬಹುದು. ಬೆಕ್ಕಿನ ಮುಂದೆ ಒಂದಡಿ ದೂರದಲ್ಲಿ ಹತ್ತಿಯ ಉಂಡೆಯನ್ನು ಮೇಲಿಂದ ಬಿಡಿ. ಹತ್ತಿ ಸದ್ದು ಮಾಡುವುದಿಲ್ಲ, ಹಾಗಾಗಿ ಕಣ್ಣು ಕಾಣುತ್ತಿದ್ದರೆ ಮಾತ್ರ ಅದನ್ನು ಹಿಂಬಾಲಿಸುತ್ತದೆ. ಆಮೇಲೆ ಬೆನ್ನ ಹಿಂದೆ, ಕಣ್ಣಿಗೆ ಬೀಳದಂತೆ ಕಾಗದ ಮುದುರಿ. ಕಿವಿ ತಿರುಗದಿದ್ದರೆ ಕೇಳಿಸುತ್ತಿಲ್ಲ ಎಂದಾಯಿತು. ಕಿವುಡಾದ ಬೆಕ್ಕು ತನ್ನ ದನಿಯೇ ತನಗೆ ಕೇಳದೆ ಜೋರಾಗಿ ಕೂಗುತ್ತದೆ. ನಿಮ್ಮದು ಕರೆದರೆ ಬರುತ್ತದೆ ಅಂದಿದ್ದೀರಿ, ಪೂರ್ತಿ ಕಿವುಡಂತೂ ಅಲ್ಲ.

ಟ್ರೇ ಪಕ್ಕದಲ್ಲಿ ಮೂತ್ರ ಅಂದದ್ದಕ್ಕೆ: ಕೀಲುನೋವು ಇದೆಯೇ ನೋಡಿ. 12 ದಾಟಿದ ಬೆಕ್ಕುಗಳಲ್ಲಿ ಹೆಚ್ಚಿನವುಗಳ ಎಕ್ಸ್‌ರೇಯಲ್ಲಿ ಕೀಲು ಸವೆತ ಕಾಣುತ್ತದೆ, ಆದರೆ ಬೆಕ್ಕು ಕುಂಟುವುದು ಅಪರೂಪ. ಮೊದಲು ಒಂದೇ ನೆಗೆತಕ್ಕೆ ಏರುತ್ತಿದ್ದಲ್ಲಿಗೆ ಈಗ ಮುಂಗಾಲು ಊರಿ ಎಳೆದುಕೊಂಡು ಏರುತ್ತದೆಯೇ? ಸೊಂಟದ ಹತ್ತಿರ ಕೂದಲು ನೆಕ್ಕದೆ ಗಂಟುಗಂಟಾಗಿದೆಯೇ? ಉಗುರು ದಪ್ಪವಾಗಿ ನೆಲಕ್ಕೆ ತಾಗಿ ಟಿಕ್ ಟಿಕ್ ಅನ್ನುತ್ತದೆಯೇ? ಇವೆಲ್ಲ ನೋವಿನ ಗುರುತು.

ಟ್ರೇಯ ಒಂದು ಬದಿಯನ್ನು ನೆಲದಿಂದ 7–8 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಅಂಚಿಗೆ ಟೇಪು ಸುತ್ತಿ. ಟ್ರೇ ಉದ್ದ ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟಾದರೂ ಇರಲಿ. ಸಣ್ಣ ಕಾಳಿನ, ಪರಿಮಳವಿಲ್ಲದ ಲಿಟರ್ 3–4 ಸೆಂ.ಮೀ. ಸಾಕು, ಆಳವಾಗಿ ಹಾಕಿದರೆ ನೋಯುವ ಕಾಲು ಹೂತುಹೋಗುತ್ತದೆ. ಇನ್ನೊಂದು ಟ್ರೇ ಅದು ಮಲಗುವ ಜಾಗದ ಹತ್ತಿರವೇ ಇಡಿ. ಮೂತ್ರ ಮಾಡಿದ ನೆಲವನ್ನು ಕಿಣ್ವ ಇರುವ ಕ್ಲೀನರ್‌ನಿಂದ ಒರೆಸಿ. ಅಮೋನಿಯಾ ಇರುವಂಥದ್ದು ಬಳಸಿದರೆ ಅದು ಬೆಕ್ಕಿಗೆ ಮೂತ್ರದ ವಾಸನೆಯಂತೆಯೇ ತೋರಿ ಮತ್ತೆ ಅಲ್ಲಿಗೇ ಬರುತ್ತದೆ.

ಟ್ರೇ, ನೀರು, ಕೂಗುತ್ತಾ ನಿಲ್ಲುವ ಹಜಾರ, ಈ ಮೂರೂ ಕಡೆ ಮಂದ ನೈಟ್ ಲ್ಯಾಂಪ್ ಹಾಕಿ. ಕತ್ತಲಲ್ಲಿ ದಿಕ್ಕು ತಪ್ಪಿ ಕೂಗುತ್ತಿದ್ದರೆ ಇಷ್ಟಕ್ಕೇ ವ್ಯತ್ಯಾಸ ಕಾಣುತ್ತದೆ. ಪೀಠೋಪಕರಣದ ಜಾಗ ಸದ್ಯಕ್ಕೆ ಬದಲಾಯಿಸಬೇಡಿ. ಹಾಸಿಗೆ ಬೆಚ್ಚಗಿರಲಿ, ಆದರೆ ಕರೆಂಟಿನ ಹೀಟಿಂಗ್ ಪ್ಯಾಡ್ ಬೇಡ. ಬೇಗ ಎದ್ದು ಸರಿಯಲಾಗದ ಬೆಕ್ಕಿಗೆ ಅದರಿಂದ ಸುಟ್ಟಗಾಯ ಆಗುತ್ತದೆ. ಟವೆಲಿನಲ್ಲಿ ಸುತ್ತಿದ ಬಿಸಿನೀರಿನ ಬಾಟಲಿ ಸಾಕು.

ಕಿಟಕಿಕಟ್ಟೆ:

ಹತ್ತಿ ಉಂಡೆಯನ್ನು ನೋಡಿತು, ಕಾಗದಕ್ಕೆ ಕಿವಿ ತಿರುಗಿತು. ಸೋಫಾ ಏರುವುದು ಮುಂಗಾಲು ಊರಿಯೇ. ನೀರು ದಿನಕ್ಕೆ 210–230 ಮಿ.ಲೀ. ರಕ್ತಪರೀಕ್ಷೆ, ಬಿ.ಪಿ. ಎರಡೂ ನಾಡಿದ್ದು. ಅಲ್ಲಿಯವರೆಗೆ ರಾತ್ರಿ ಎದ್ದು ಊಟ ಹಾಕಬಹುದೇ? ಅಭ್ಯಾಸ ಆಗಿಬಿಡುತ್ತದೆಯೇ?

ಹಾಲುಗಲ್ಲ:

ಎರಡು ದಿನಕ್ಕೆ ಏನೂ ಕೆಡುವುದಿಲ್ಲ. ಆದರೆ ಅಭ್ಯಾಸ ಆಗುವುದು ನಿಜ, ಅದಕ್ಕೆ ದಾರಿ ಹೀಗೆ.

ಕೂಗಿದ ಮೇಲೆ ಊಟ ಬರಬಾರದು, ಕೂಗುವ ಮೊದಲೇ ಬರಬೇಕು, ನಿಮ್ಮ ಕೈಯಿಂದಲೂ ಬರಬಾರದು. ಟೈಮರ್ ಇರುವ ಆಟೊ ಫೀಡರ್ ತಂದು ಮಲಗುವ ಕೋಣೆಯಿಂದ ದೂರ ಇಡಿ. 2ಕ್ಕೆ ಕೂಗುತ್ತದೆ ಅಂದರೆ 1:30ಕ್ಕೆ ತೆರೆಯುವಂತೆ ಇಡಿ. ಒಂದು ವಾರ ಹಾಗೇ ಬಿಟ್ಟು, ಆಮೇಲೆ ಮೂರ್ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಮುಂದೂಡುತ್ತಾ ಬೆಳಗಿನ 5ರವರೆಗೆ ಒಯ್ಯಬಹುದು. ನಡುವೆ ಕೂಗು ಮರಳಿದರೆ ಹಿಂದಿನ ಹೊತ್ತಿಗೆ ಹೋಗಿ ಅಲ್ಲೇ ಒಂದು ವಾರ ನಿಲ್ಲಿ. ರಾತ್ರಿಯ ಪಾಲನ್ನು ದಿನದ ಒಟ್ಟು ಊಟದಿಂದಲೇ ತೆಗೆಯಬೇಕು, ಹೆಚ್ಚುವರಿ ಅಲ್ಲ. (ನಿಮ್ಮದು ತೂಕ ಇಳಿದ ಬೆಕ್ಕು, ಕಾರಣ ತಿಳಿಯುವವರೆಗೆ ಒಟ್ಟು ಊಟ ಕಡಿಮೆ ಮಾಡಲೇಬೇಡಿ.)

ಮಲಗುವ ಮುನ್ನದ ಕ್ರಮವೂ ಮುಖ್ಯ. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ: ಬೆಕ್ಕಿನ ದೇಹ ನಡೆಯುವುದು ಈ ಸಾಲಿನಲ್ಲಿ. ಹಾಗಾಗಿ ರಾತ್ರಿ 10ರ ಹೊತ್ತಿಗೆ ಐದು ನಿಮಿಷ ಆಟ, ಸ್ವಲ್ಪ ಬಿಟ್ಟು ಇನ್ನೈದು ನಿಮಿಷ. ದಾರಕ್ಕೆ ಕಟ್ಟಿದ ಗರಿಯನ್ನು ನೆಲದ ಮೇಲೇ ಎಳೆಯಿರಿ, ನೆಗೆಸಬೇಡಿ. ಅದರ ಬೆನ್ನಿಗೇ ದಿನದ ಊಟದ ಮೂರನೇ ಒಂದು ಪಾಲು. ಹಗಲಲ್ಲೂ ಎರಡು ಮೂರು ಸಲ ಹೀಗೆ ಹಗುರಾಗಿ ಎಬ್ಬಿಸಿ ಆಡಿಸಿದರೆ ನಿದ್ದೆ ನಿಧಾನವಾಗಿ ರಾತ್ರಿಯತ್ತ ಸರಿಯುತ್ತದೆ.

ಕಾಯಿಲೆ ಯಾವುದೂ ಇಲ್ಲ, ಇಲ್ಲವೇ ಇದ್ದದ್ದಕ್ಕೆ ಚಿಕಿತ್ಸೆ ಆಗಿದೆ ಎಂದು ಖಾತ್ರಿಯಾದ ಮೇಲಷ್ಟೇ ಗಮನ ಕೊಡದಿರುವ ಮಾತು. ಆಗಲೂ ಒಂದು ಎಚ್ಚರ: ಮೊದಲ ಕೆಲವು ರಾತ್ರಿ ಕೂಗು ಇನ್ನೂ ಜೋರಾಗುತ್ತದೆ. ಐದನೇ ರಾತ್ರಿ ಸೋತು ಎದ್ದು ಹೋದರೆ, ಇನ್ನಷ್ಟು ಹೊತ್ತು ಕೂಗಿದರೆ ಫಲ ಸಿಗುತ್ತದೆ ಎಂದು ಕಲಿಸಿದಂತಾಗುತ್ತದೆ. ಪೂರ್ತಿ ಹಿಡಿದು ನಿಲ್ಲಲಾಗದಿದ್ದರೆ ಶುರುವೇ ಮಾಡಬೇಡಿ. ಗದರುವುದು, ನೀರು ಚಿಮುಕಿಸುವುದು ಖಂಡಿತ ಬೇಡ. ಗೊಂದಲಗೊಂಡು ಕೂಗುವ ಬೆಕ್ಕಿಗೆ ಅದರಿಂದ ಭಯ ಮಾತ್ರ ಹೆಚ್ಚುತ್ತದೆ. ಅಂಥ ಬೆಕ್ಕನ್ನು ಮೆಲ್ಲಗೆ ಮಾತಾಡಿಸಿ ಹಾಸಿಗೆಗೆ ಕರೆತರುವುದೇ ಸರಿ.

ಬೂದುಬಾಲ:

ಕೊಡಬಾರದವುಗಳನ್ನು ಹೇಳಿಬಿಡುತ್ತೇನೆ, ನಿದ್ದೆಗೆಟ್ಟವರು ಮನೆಯಲ್ಲಿದ್ದದ್ದನ್ನು ಕೊಡುವುದುಂಟು. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೇನ್ ಬೇಡ. ಮನುಷ್ಯರ ನಿದ್ದೆ ಮಾತ್ರೆ ಬೇಡ. ಮುದಿ ನಾಯಿಗಳ ಮಿದುಳಿಗೆಂದು ಬರುವ ಮಾತ್ರೆಗಳಲ್ಲಿ ಆಲ್ಫಾ ಲಿಪೋಯಿಕ್ ಆಮ್ಲ ಇರಬಹುದು, ಅದು ಬೆಕ್ಕಿಗೆ ವಿಷ. ಪರಿಮಳದ ಎಣ್ಣೆ ಹಚ್ಚುವುದು, ಆವಿ ಬಿಡುವುದು ಬೇಡ, ಟೀ ಟ್ರೀ ಎಣ್ಣೆಯಂತೂ ಹತ್ತಿರ ಸುಳಿಯಬಾರದು. ವೈದ್ಯರು ನೋವು, ಆತಂಕಕ್ಕೆಂದು ಗ್ಯಾಬಾಪೆಂಟಿನ್ ಬರೆದರೆ ಕಿಡ್ನಿ ವರದಿ ನೋಡಿ ಪ್ರಮಾಣ ಇಳಿಸಿದ್ದಾರೆಯೇ ಎಂದು ಕೇಳಿ, ಮತ್ತು ಜೈಲಿಟಾಲ್ ಎಂಬ ಸಿಹಿಕಾರಕ ಸೇರಿದ ಮನುಷ್ಯರ ಸಿರಪ್ ಬಿಟ್ಟು ಬೇರೆ ರೂಪದಲ್ಲಿ ಪಡೆಯಿರಿ.

ನಾಡಿದ್ದಿನವರೆಗೂ ಕಾಯಬಾರದ ಸಂದರ್ಭಗಳಿವೆ. ಬೆಳಕಿನಲ್ಲೂ ಪಾಪೆ ಅಗಲವಾಗೇ ಇದ್ದು ಗೋಡೆಗೆ ಡಿಕ್ಕಿ ಹೊಡೆದರೆ, ರಕ್ತದೊತ್ತಡಕ್ಕೆ ಅಕ್ಷಿಪಟಲ (ಕಣ್ಣಿನ ಹಿಂಬದಿಯ ಒಳಪದರ, ರೆಟಿನಾ) ಕಳಚಿರಬಹುದು. ಹಠಾತ್ತನೆ ಚೀರಿ ಹಿಂಗಾಲು ಎಳೆಯುತ್ತಿದ್ದು, ಪಾದ ತಣ್ಣಗಿದ್ದರೆ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿರಬಹುದು. ಮಲಗಿದಾಗ ಉಸಿರು ನಿಮಿಷಕ್ಕೆ 30 ದಾಟಿ ಏರುತ್ತಲೇ ಇದ್ದರೂ ಅಷ್ಟೇ. ಈ ಮೂರರಲ್ಲಿ ಯಾವುದೇ ಕಂಡರೂ ರಾತ್ರಿಯೇ ಹೊರಡಿ.

ಕಿಟಕಿಕಟ್ಟೆ:

ವರದಿ ಬಂತು. ಟಿ4 2.1, ಮಧ್ಯದ ಮಟ್ಟ. ಸಕ್ಕರೆ ಸರಿ ಇದೆ. ಕ್ರಿಯಾಟಿನಿನ್ 2.4, ಮೂತ್ರದ ಸಾಂದ್ರತೆ 1.018. ಬಿ.ಪಿ. ಆರು ಅಳತೆಯ ಸರಾಸರಿ 188. ಅಕ್ಷಿಪಟಲ ಅಂಟಿಕೊಂಡೇ ಇದೆ, ಅದರ ರಕ್ತನಾಳ ಸ್ವಲ್ಪ ಸೊಟ್ಟ. ಕಿಡ್ನಿ ಕಾಯಿಲೆ ಎರಡನೇ ಹಂತ ಅಂದರು. ಬಿ.ಪಿ. ಇಳಿಸಲು ಅಮ್ಲೋಡಿಪಿನ್ 2.5 ಮಿ.ಗ್ರಾಂ ಮಾತ್ರೆಯ ಕಾಲು ಭಾಗ, ದಿನಕ್ಕೊಮ್ಮೆ. ಇದರಿಂದ ಕೂಗು ನಿಲ್ಲುತ್ತದೆಯೇ?

ಬೂದುಬಾಲ:

188 ಸಾಕಷ್ಟು ಹೆಚ್ಚು, ಕೂಗಿಗೆ ಅದೇ ಕಾರಣವಾಗಿರುವ ಸಾಧ್ಯತೆ ದೊಡ್ಡದು. ಕಣ್ಣಿಗೆ ಏಟು ಬೀಳುವ ಮೊದಲೇ ಸಿಕ್ಕಿದ್ದು ಒಳ್ಳೆಯದಾಯಿತು.

ಕಾಲು ಮಾತ್ರೆ ಅಂದರೆ 0.625 ಮಿ.ಗ್ರಾಂ, ಬೆಕ್ಕಿಗೆ ಸಾಮಾನ್ಯವಾಗಿ ಶುರು ಮಾಡುವ ಪ್ರಮಾಣ. ಚಾಕುವಿನಿಂದ ಕತ್ತರಿಸಿದರೆ ಪುಡಿಯಾಗಿ ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ ಬೀಳುತ್ತದೆ. ಮಾತ್ರೆ ಕತ್ತರಿಸುವ ಡಬ್ಬಿ ಬಳಸಿ. ದಿನವೂ ಒಂದೇ ಹೊತ್ತಿಗೆ ಕೊಡಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಲು ಕೊಡಬೇಡಿ. ಬರಿಗಂಟಲಿಗೆ ಮಾತ್ರೆ ತಳ್ಳಿ ಬಿಟ್ಟರೆ ಅನ್ನನಾಳದಲ್ಲೇ ಸಿಕ್ಕಿಕೊಳ್ಳಬಹುದು, ಮೆತ್ತನೆ ಊಟದ ಸಣ್ಣ ಉಂಡೆಯೊಳಗೆ ಇಟ್ಟು ಕೊಡಿ, ಇಲ್ಲವೇ ಹಿಂದೆಯೇ ಒಂದೆರಡು ಮಿ.ಲೀ. ನೀರು ಕುಡಿಸಿ. 7ರಿಂದ 10 ದಿನದಲ್ಲಿ ಬಿ.ಪಿ. ಮತ್ತೆ ಅಳೆಸಿ, ಗುರಿ 160ರ ಕೆಳಗೆ. ಇಳಿಯದಿದ್ದರೆ ಪ್ರಮಾಣ ಏರಿಸುವುದು ವೈದ್ಯರ ಕೆಲಸ. ತೀರ ಮಂಕಾಗಿ ಓಲಾಡಿದರೆ ಅತಿಯಾಗಿ ಇಳಿದಿದೆ ಎಂದು ತಿಳಿದು ಕೂಡಲೇ ಫೋನ್ ಮಾಡಿ. ಮೂತ್ರದಲ್ಲಿ ಪ್ರೋಟೀನ್ ಎಷ್ಟು ಹೋಗುತ್ತಿದೆ ಎಂಬ ಯುಪಿಸಿ ಪರೀಕ್ಷೆಯನ್ನೂ ಕೇಳಿ.

ಕಿಡ್ನಿ ಆಹಾರಕ್ಕೆ ಬದಲಾಯಿಸುವಾಗ ಆತುರ ಬೇಡ. ಹಳೆಯದರಲ್ಲಿ ಕಾಲು ಪಾಲು ಹೊಸದು ಬೆರೆಸಿ, ಮೂರ್ನಾಲ್ಕು ವಾರದಲ್ಲಿ ಪೂರ್ತಿ ಮಾಡಿ. ಒಪ್ಪದೆ ಉಪವಾಸ ಕೂತರೆ ಹಳೆಯದನ್ನೇ ಕೊಡಿ, ಬೆಕ್ಕು ಊಟ ಬಿಡುವುದು ತಪ್ಪಾದ ಊಟಕ್ಕಿಂತ ಅಪಾಯ. ನೀರನ್ನು ರಾತ್ರಿ ಎತ್ತಿಡುವ ಯೋಚನೆ ಎಂದೂ ಬೇಡ.

ಹಾಲುಗಲ್ಲ:

ಬಿ.ಪಿ. ಹತೋಟಿಗೆ ಬಂದು ನಾಲ್ಕು ವಾರವಾದರೂ ಕೂಗು ಉಳಿದರೆ ಮುಂದಿನದು ಕೀಲುನೋವಿನ ಪ್ರಯೋಗ. ಕಿಡ್ನಿ ತೊಂದರೆ ಇರುವುದರಿಂದ ನೋವಿನ ಔಷಧಿ ಮೆಲೊಕ್ಸಿಕಾಮ್‌ಗೆ ವೈದ್ಯರು ಹಿಂಜರಿಯಬಹುದು. ಸಿಗುವ ಕಡೆ ಫ್ರುನೆವೆಟ್‌ಮ್ಯಾಬ್ ಅನ್ನುವ, ಕೀಲುನೋವಿಗೆ ಕೊಡುವ ತಿಂಗಳಿಗೊಂದು ಇಂಜೆಕ್ಷನ್ ಬಗ್ಗೆ ಕೇಳಿ. ಅದರ ಪರಿಣಾಮ ಅಳೆಯಲು ಸೋಫಾ ಏರುವ ವಿಡಿಯೋವನ್ನು ಈಗಲೇ ಒಂದು ತೆಗೆದಿಡಿ, ಹೋಲಿಸಲು ಬೇಕಾಗುತ್ತದೆ.

ಅದಕ್ಕೂ ಬಗ್ಗದಿದ್ದರೆ ಕೊನೆಗೆ ಮಿದುಳಿನ ಮುಪ್ಪು. 15 ದಾಟಿದ ಬೆಕ್ಕುಗಳಲ್ಲಿ ಸುಮಾರು ಅರ್ಧದಷ್ಟು ಇಂಥ ಯಾವುದಾದರೂ ಗುರುತು ತೋರಿಸುತ್ತವೆ: ಮೂಲೆಯಲ್ಲಿ ಸಿಕ್ಕಿ ಹೊರಬರಲು ತಿಳಿಯದೆ ನಿಲ್ಲುವುದು, ಗೋಡೆ ದಿಟ್ಟಿಸುವುದು, ಈಗಷ್ಟೇ ತಿಂದದ್ದು ಮರೆತು ಮತ್ತೆ ಕೇಳುವುದು. ಇದನ್ನು ನೇರವಾಗಿ ತೋರಿಸುವ ರಕ್ತಪರೀಕ್ಷೆ ಇಲ್ಲ, ಉಳಿದದ್ದೆಲ್ಲ ಅಲ್ಲ ಎಂದಾದ ಮೇಲೆ ಮಾತ್ರ ಈ ಹೆಸರು. ಇದಕ್ಕೆ ಸೆಲೆಜಿಲಿನ್ ಎಂಬ ಔಷಧಿ ಕೊಡುವ ಮಾತು ಬಂದರೆ ಮಿರ್ಟಜಪಿನ್, ನೋವಿನ ಮಾತ್ರೆ ಟ್ರಮಡಾಲ್ ಇವುಗಳ ಜೊತೆ ಅದು ಕೂಡದು ಎಂದು ನೆನಪಿಸಿ. ಕಿಡ್ನಿ ಬೆಕ್ಕಿಗೆ ಹಸಿವಾಗಲೆಂದು ಮಿರ್ಟಜಪಿನ್ ಬರೆಯುವುದು ಸಾಮಾನ್ಯ, ಎರಡು ಚೀಟಿ ಬೇರೆ ಬೇರೆ ವೈದ್ಯರಿಂದ ಬಂದಾಗ ಇದು ಕಣ್ತಪ್ಪುತ್ತದೆ.

ರಾತ್ರಿ ಲೆಕ್ಕ ನಿಲ್ಲಿಸಬೇಡಿ. ಮಾತ್ರೆ ಶುರುವಾದ ದಿನಕ್ಕೆ ಗೆರೆ ಎಳೆದು ಮುಂದುವರಿಸಿ, ಹತ್ತನೇ ದಿನ ಬಿ.ಪಿ. ಅಂಕಿಯ ಜೊತೆ ಆ ಹಾಳೆಯನ್ನೂ ವೈದ್ಯರಿಗೆ ತೋರಿಸಿ.