ತೋಟದಲ್ಲಿ ನಿಂತ ಹಳೆಯ ಕ್ಯಾರವಾನ್ ಟ್ರೈಲರ್: ಕೊಳ್ಳಬಹುದೇ?

ಪ್ರಶ್ನೆ (ಮೂಡಿಗೆರೆ ತಾಲ್ಲೂಕಿನ ಸದಸ್ಯೆ):
ನಮಸ್ಕಾರ ಸರ್. ಪಕ್ಕದ ಕಾಫಿ ತೋಟದ ಕಣದ ಅಂಚಿನಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿರುವ ಎರಡು ಚಕ್ರದ ಕ್ಯಾರವಾನ್ ಟ್ರೈಲರ್ ಮಾರಾಟಕ್ಕಿದೆ. ಒಳಗೆ ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು. ಮಂಚ, ಸಣ್ಣ ಅಡುಗೆ ಕಟ್ಟೆ, ಫ್ರಿಡ್ಜ್ ಇವೆ. ನಾಲ್ಕೈದು ಮಳೆಗಾಲದಿಂದ ಕದಲಿಲ್ಲವಂತೆ. 90,000 ರೂಪಾಯಿ ಹೇಳುತ್ತಿದ್ದಾರೆ, ಇನ್ನೂ ಇಳಿಯಬಹುದು. ತೋರಿಸಿದ್ದು ಆರ್‌ಸಿಯ ಜೆರಾಕ್ಸ್ ಮಾತ್ರ, ಅದರಲ್ಲಿರುವುದು ಅವರಿಗೆ ಮಾರಿದವರ ಹೆಸರು. ಬೊಲೆರೊ ಹಿಂದೆ ಕಟ್ಟಿಕೊಂಡು ಮನೆಮಂದಿಯೊಂದಿಗೆ ಚಾರ್ಮಾಡಿ ಇಳಿದು ಕರಾವಳಿಗೆ ಹೋಗಿಬರುವ ಆಸೆಯಿದೆ. ಕೊಳ್ಳಬಹುದೇ?

ಉತ್ತರ (ಹಾಸನದಲ್ಲಿ ವಾಹನಗಳಿಗೆ ಬಾಡಿ ಕಟ್ಟುವ ವೃತ್ತಿಯವರು):
ಮೇಡಂ, ಬೆಲೆಯ ಮಾತು ಸದ್ಯಕ್ಕೆ ಬದಿಗಿರಲಿ, ಮೊದಲು ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಎಂಜಿನ್ ಇಲ್ಲದ ಟ್ರೈಲರ್ ಕೂಡ ಮೋಟಾರು ವಾಹನವೇ ಆದ್ದರಿಂದ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಆರ್‌ಸಿಯಲ್ಲಿ ಹೆಸರಿರುವವರು ಫಾರಂ 29 ಮತ್ತು 30ಕ್ಕೆ ಸಹಿ ಹಾಕದೆ ಅದು ನಿಮ್ಮ ಹೆಸರಿಗೆ ಬರುವುದಿಲ್ಲ. ಅವರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31 ಸಲ್ಲಿಸಬೇಕಾಗುತ್ತದೆ. ಚಾಸಿಯ (ಗಾಡಿಯ ತಳದ ಕಬ್ಬಿಣದ ಚೌಕಟ್ಟು) ಮೇಲೆ ಕೊರೆದ ಸಂಖ್ಯೆಯನ್ನು ತುಕ್ಕು ಉಜ್ಜಿ ಓದಿ, ಆರ್‌ಸಿಯೊಂದಿಗೆ ತಾಳೆ ನೋಡಿ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ ಆ ದಿನಾಂಕವನ್ನೂ ಗಮನಿಸಿ. ಇದಿಷ್ಟು ಇತ್ಯರ್ಥವಾಗುವವರೆಗೆ ಮುಂಗಡ ಕೊಡಬೇಡಿ.

ಇನ್ನು ಗಾಡಿಯ ವಿಚಾರ. ಇಂಥ ಟ್ರೈಲರನ್ನು ಕೊಲ್ಲುವುದು ಓಡಾಟವಲ್ಲ, ನೀರು. ಚಾವಣಿಯ ಅಂಚು, ಕಿಟಕಿಯ ಸುತ್ತು, ಗಾಳಿಕಿಂಡಿ, ದೀಪ ಕೂರಿಸಿದ ತೂತುಗಳಲ್ಲಿ ಸಂದು ಮುಚ್ಚಲು ಹಚ್ಚಿದ ಸೀಲೆಂಟ್ ಒಣಗಿ ಬಿರುಕುಬಿಟ್ಟರೆ ನೀರು ತಗಡಿನ ಹಿಂದೆ ಇಳಿದು, ಹೊರಗೆ ಏನೂ ಕಾಣದಂತೆ ಒಳಗಿನ ಮರವನ್ನು ಕೊಳೆಸುತ್ತದೆ. ಟಾರ್ಪಾಲು ಹೊದಿಸಿದ್ದು ಸಮಾಧಾನದ ಸಂಗತಿಯೇನಲ್ಲ, ಏಕೆಂದರೆ ಮೈಗಂಟಿದ ಟಾರ್ಪಾಲು ಮಲೆನಾಡಿನ ತೇವವನ್ನು ಹೊರಹೋಗಲು ಬಿಡುವುದಿಲ್ಲ. ಆದ್ದರಿಂದ ಜೋರು ಮಳೆಯ ಮರುದಿನವೇ ಹೋಗಿ. ಬಾಗಿಲು ತೆರೆದ ಕ್ಷಣ ಮುಗ್ಗಲು ವಾಸನೆ ಬರುತ್ತದೆಯೇ ನೋಡಿ. ಫಿನಾಯಿಲ್ ಅಥವಾ ಹೊಸ ಪೇಂಟಿನ ವಾಸನೆ ಬಂದರೆ ನನಗೆ ಅನುಮಾನ ಇನ್ನೂ ಹೆಚ್ಚುತ್ತದೆ. ನಾಲ್ಕೂ ಮೂಲೆಗಳನ್ನು, ಕಿಟಕಿಯ ಕೆಳಭಾಗವನ್ನು, ಮಂಚದ ಪೆಟ್ಟಿಗೆಯ ಒಳಗನ್ನು ಹೆಬ್ಬೆರಳಿನಿಂದ ಒತ್ತಿ. ನೆಲದ ಮೇಲೆ ಹಿಮ್ಮಡಿ ಊರಿ ನಡೆಯಿರಿ. ತೇವದ ಮೀಟರ್ ಸಿಕ್ಕರೆ ಒಳ್ಳೆಯದು, ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಒಳ್ಳೆಯ ಮರವೂ ತುಸು ಹೆಚ್ಚೇ ತೋರಿಸುವುದರಿಂದ ಬರೀ ಅಂಕಿಯನ್ನು ನಂಬದೆ ಒಂದು ಗೋಡೆಯನ್ನು ಇನ್ನೊಂದರೊಂದಿಗೆ ಹೋಲಿಸಿ. ಗೆದ್ದಲಿನ ಮಣ್ಣಿನ ಗೆರೆಯನ್ನೂ ಹುಡುಕಿ.

ಆಮೇಲೆ ಗಾಡಿಯ ಅಡಿಗೆ ತೂರಿ ಚಾಸಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೇಲ್ಮೈ ತುಕ್ಕು ಉಜ್ಜಿದರೆ ಹೋಗುತ್ತದೆ, ಪದರವಾಗಿ ಏಳುವ ತುಕ್ಕು ಹೋಗುವುದಿಲ್ಲ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ನನಗೆ ಕಳುಹಿಸಿ. ಫ್ರಿಡ್ಜ್, ಸಿಂಕ್, ಪರದೆಗಳಿಗೆ ಒಂದು ರೂಪಾಯಿಯ ಬೆಲೆಯನ್ನೂ ಕಟ್ಟಬೇಡಿ.

ಪ್ರಶ್ನೆ (ಅದೇ ಸದಸ್ಯೆ):
ನೋಡಿ ಬಂದೆವು ಸರ್. ಚಾಸಿ ಗಟ್ಟಿಯಾಗಿದೆ. ಮುಂದಿನ ಕಿಟಕಿಯ ಕೆಳಗೆ ಬೆರಳು ಒಳಗೇ ಹೋಗುತ್ತದೆ, ಅಲ್ಲಿಂದ ಮೂಲೆಯವರೆಗೆ ನೆಲವೂ ಮೆತ್ತಗಿದೆ. ಟೈರಿನ ಮೇಲೆ 1214 ಎಂದಿದೆ, ಗುಂಡಿಗಳೇನೋ (ರಸ್ತೆಗೆ ತಾಗುವ ಉಬ್ಬುಗಳು) ಹೊಸದರಂತಿವೆ. ಹತ್ತು ಸಾವಿರದ ಪ್ಲೈವುಡ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ ಮಾರುವವರು.

ಉತ್ತರ:
ಪ್ಲೈವುಡ್ಡಿಗೆ ಹತ್ತು ಸಾವಿರ ಸಾಕು, ಕೆಲಸಕ್ಕೆ ಸಾಲದು. ಕೊಳೆತಿರುವುದು ಕಾಣುವ ಹಲಗೆಯಷ್ಟೇ ಅಲ್ಲ. ಹೊರತಗಡು ಬಿಚ್ಚಿ, ಚೌಕಟ್ಟಿನ ಪಟ್ಟಿಗಳನ್ನು ಬದಲಿಸಿ, ಕಿಟಕಿಯನ್ನು ಬ್ಯೂಟೈಲ್ ಟೇಪಿನ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಮೇಲೆ ಮತ್ತೆ ಕೂರಿಸಬೇಕು. ಹಳೆಯ ಸಿಲಿಕಾನ್ ಸೀಲೆಂಟ್ ಮೇಲೆ ಹೊಸದು ಹಿಡಿಯದ ಕಾರಣ ಅದನ್ನೆಲ್ಲ ಕೆರೆದು ತೆಗೆಯಬೇಕು. ಕೂಲಿಯೇ ಗಾಡಿಯ ಬೆಲೆಯನ್ನು ಮೀರಬಹುದು. 1214 ಎಂದರೆ 2014ನೇ ಇಸವಿಯ ಹನ್ನೆರಡನೇ ವಾರದಲ್ಲಿ ತಯಾರಾದ ಟೈರು. ಗುಂಡಿ ಎಷ್ಟೇ ಇರಲಿ, ನಿಂತಲ್ಲೇ ರಬ್ಬರು ಗಡುಸಾಗಿ ಸೀಳುತ್ತದೆ, ಎರಡನ್ನೂ ಬದಲಿಸಲೇಬೇಕು.

ಚಾರ್ಮಾಡಿಯ ಮಾತು ಬಂದಿದ್ದರಿಂದ ಬ್ರೇಕಿನ ಬಗ್ಗೆಯೂ ಹೇಳಬೇಕು. ಇಂಥ ಅನೇಕ ಟ್ರೈಲರುಗಳಲ್ಲಿ, ಎಳೆಯುವ ವಾಹನ ನಿಧಾನವಾದಾಗ ಹಿಂದಿನಿಂದ ಎರಡನ್ನೂ ಜೋಡಿಸುವ ಕೊಂಡಿಯ ಮೇಲೆ ಬೀಳುವ ಒತ್ತಡವೇ ಬ್ರೇಕನ್ನು ಹಿಡಿಸುತ್ತದೆ. ವರ್ಷಗಟ್ಟಲೆ ನಿಂತರೆ ಆ ಕೊಂಡಿಯ ದಂಡ ಜಾಮಾಗಿ, ಬ್ರೇಕ್ ಶೂಗಳು ಡ್ರಮ್ಮಿಗೆ ಕಚ್ಚಿಕೊಳ್ಳುತ್ತವೆ. ಚಕ್ರದ ನಡುವಿನ ಹಬ್ ಬಿಚ್ಚಿ, ಬೇರಿಂಗ್ ತೊಳೆದು, ಹೊಸ ಗ್ರೀಸ್ ತುಂಬಿ, ಬ್ರೇಕನ್ನು ಪರೀಕ್ಷಿಸದೆ ಆ ತಿರುವುಗಳಲ್ಲಿ ಇಳಿಯುವ ಯೋಚನೆಯನ್ನೇ ಮಾಡಬೇಡಿ. ಕಾಗದ ಸರಿಯಾದರೂ ಇದನ್ನು ಚಾಸಿಯ ಬೆಲೆಗಷ್ಟೇ ಕೇಳಿ. ಅವರು ಒಪ್ಪದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ (ಸಕಲೇಶಪುರದ ಇನ್ನೊಬ್ಬ ಸದಸ್ಯರು):
ರಸ್ತೆಗೆ ತರದೆ, ತೋಟದಲ್ಲೇ ನಿಲ್ಲಿಸಿ ಅತಿಥಿಗಳಿಗೆ ಕೋಣೆಯಾಗಿ ಬಳಸಿದರೆ ಹೇಗೆ?

ಉತ್ತರ:
ಆಗ ಲೆಕ್ಕ ಬದಲಾಗುತ್ತದೆ. ಟೈರು, ಬ್ರೇಕಿನ ಖರ್ಚು ತಪ್ಪುತ್ತದೆ, ಕೊಳೆತ ಮರದ್ದು ತಪ್ಪುವುದಿಲ್ಲ. ಚಾಸಿಯನ್ನು ಕಲ್ಲಿನ ಕಟ್ಟೆಯ ಮೇಲೆ ಕೂರಿಸಿ, ಚಾವಣಿಗೆ ತಾಗದಂತೆ ಎರಡು ಅಡಿ ಎತ್ತರದಲ್ಲಿ ಶೀಟಿನ ಮಾಡು ಕಟ್ಟಿಸಿದರೆ ಸೋರಿಕೆಯ ಚಿಂತೆ ಬಹುಪಾಲು ತೀರುತ್ತದೆ. ತೋಟದ ಇಲಿಗಳು ವೈರು ಕಡಿಯದೆ ಬಿಟ್ಟಿರಲಾರವು. ವೈರಿಂಗನ್ನು ಪೂರ್ತಿ ಹೊಸದಾಗಿ ಎಳೆಸಿ, ಹಳೆಯ ಗ್ಯಾಸ್ ಪೈಪನ್ನು ಕಿತ್ತುಹಾಕಿ, ಅಡುಗೆಯನ್ನು ಹೊರಗೇ ಇಟ್ಟುಕೊಳ್ಳಿ. ಈ ಉಪಯೋಗಕ್ಕಾದರೂ ನಾನು 30,000ಕ್ಕಿಂತ ಹೆಚ್ಚು ಕೊಡಲಾರೆ.