‘ರಿಡಕ್ಷನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ವಾರದಿಂದ ನನ್ನ ತಲೆ ತಿನ್ನುತ್ತಿದೆ.

ಮಂಗಳೂರಿನಲ್ಲಿ ಚಿತ್ರಕಲೆ ಕಲಿಯುವ ಮಕ್ಕಳಿಗೆ ಜಪಾನಿನ ಶಿಲ್ಪಗಳ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ. ಅದರಲ್ಲಿ ಕ್ಯೋಟೋದ ಪಿಂಗಾಣಿ ಕಲಾವಿದ ತಕಹಿರೊ ಕೊಂಡೊ ಬರುತ್ತಾರೆ. 2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ, ಅದರ ಬೆನ್ನಿಗೇ ಫುಕುಶಿಮಾ ಅಣುಸ್ಥಾವರದ ಅನಾಹುತ ಆಯಿತಲ್ವಾ, ಅದಾದ ಮೇಲೆ ಅವರು ಪಿಂಗಾಣಿಯಲ್ಲಿ ಧ್ಯಾನಕ್ಕೆ ಕೂತ ಮನುಷ್ಯನನ್ನು ಮಾಡತೊಡಗಿದರು. ಮಾದರಿ ತಮ್ಮದೇ ದೇಹ. ಕೂತ ಭಂಗಿ ಬುದ್ಧನದು, ಮುಖ ಮಾತ್ರ ನಮ್ಮ ನಿಮ್ಮ ಹಾಗಿನ ಮನುಷ್ಯನದು. ಮೈಮೇಲೆ ಬೆಳ್ಳಿಬಣ್ಣದ ಹನಿಗಳು, ಈಗಷ್ಟೇ ನೀರಿನಿಂದ ಎದ್ದು ಬಂದ ಹಾಗೆ. ನಮ್ಮ ಮಕ್ಕಳು ಕದ್ರಿಯ ಲೋಕೇಶ್ವರನನ್ನು ನೋಡಿದವರು. ಆಳುಪ ಅರಸ ಕುಂದವರ್ಮ 968ರಲ್ಲಿ ಸ್ಥಾಪಿಸಿದ ಕಂಚಿನ ಮೂರ್ತಿ ಅದು. ಹಾಗಾಗಿ ಫೋಟೋ ತೋರಿಸಿದ ಕೂಡಲೇ ಒಬ್ಬ ‘ಇದು ಸಹ ದೇವ್ರಾ ಸರ್?’ ಅಂದ.

ಈ ಸರಣಿಯ ಹೆಸರೇ ‘ರಿಡಕ್ಷನ್’. ‘ಇಳಿಕೆ’ ಅಂದರೆ ಚಿನ್ನದ ರೇಟು. ‘ಕಡಿತ’ ಅಂದರೆ ಕರೆಂಟು. ಎರಡೂ ಬೇಡ.

ಮಡಕೆ ಸುಡುವವರಿಗೆ ಈ ಪದಕ್ಕೆ ಬೇರೆಯೇ ಅರ್ಥ ಇದೆ. ಆವಿಗೆಗೆ ಗಾಳಿ ಕಡಿಮೆ ಬಿಟ್ಟು ಸುಡುವುದು. ಉರಿಯುವುದಕ್ಕೆ ಆಮ್ಲಜನಕ ಸಾಲದೆ ಬೆಂಕಿ ಅದನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತದೆ, ಮಣ್ಣಿನಲ್ಲಿರುವ ಕಬ್ಬಿಣದ ಬಣ್ಣ ಬದಲಾಗುತ್ತದೆ. ನಮ್ಮ ಮಂಗಳೂರು ಹಂಚು ಕೆಂಪಗಿರುವುದು ಚೆನ್ನಾಗಿ ಗಾಳಿಯಾಡಿ ಸುಟ್ಟದ್ದರಿಂದ. ಗಾಳಿ ಕಟ್ಟಿದರೆ ಅದೇ ಮಣ್ಣು ಕಪ್ಪು. 1865ರಿಂದ, ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಹಂಚು ಸುಟ್ಟ ಊರಿದು, ಇಲ್ಲೊಂದು ಪದ ಇರಲೇಬೇಕು ಅಂತ ಹಂಚಿನ ಕೆಲಸ ಮಾಡಿದ ಹಿರಿಯರೊಬ್ಬರನ್ನು ಕೇಳಿದೆ. ‘ಹೊಗೆ ಹಿಡಿದದ್ದು ಅಂತ ಬದಿಗೆ ಹಾಕುದು, ಮತ್ತೆಂತ ಹೆಸರು?’ ಅಂದರು. ಶಾಲೆಯ ಪುಸ್ತಕದಲ್ಲಿ ‘ಅಪಕರ್ಷಣ’ ಇದೆ. ಅದನ್ನು ಹಾಕಿದರೆ ಮಕ್ಕಳು ಶಿಲ್ಪ ಬಿಟ್ಟು ಪರೀಕ್ಷೆ ನೆನೆಸಿಕೊಳ್ಳುತ್ತಾರೆ.

ಬೌದ್ಧರ ಮಾತಿನಲ್ಲೇ ಹುಡುಕೋಣ ಅಂತ ಹೋದರೆ ಅಲ್ಲಿ ಇನ್ನೊಂದು ಫಜೀತಿ. ನಾಲ್ಕು ಸತ್ಯಗಳಲ್ಲಿ ಮೂರನೆಯದು ‘ನಿರೋಧ’, ದುಃಖ ನಿಲ್ಲುವುದು. ಅರ್ಥ ಸೊಗಸಾಗಿ ಕೂರುತ್ತದೆ. ಆದರೆ ಆರೋಗ್ಯ ಕೇಂದ್ರದ ಗೋಡೆಯಲ್ಲಿ ‘ನಿರೋಧ್’ ಕಾಂಡೋಮಿನ ಬರಹ ಓದಿ ಬೆಳೆದ ನಮ್ಮ ತಲೆಮಾರಿನವರ ಎದುರು ಅದನ್ನು ಹೇಳಿ ನೋಡಿ! ಆಸೆ ಕರಗುವುದಕ್ಕೆ ‘ತೃಷ್ಣಾಕ್ಷಯ’ ಅಂತಾರೆ, ಆದರೆ ಅದರ ಕ್ಷಯ ಅಂದರೆ ಈಗ ಕೆಮ್ಮಿನ ಕಾಯಿಲೆ. ಪ್ರಾಣಾಯಾಮದ ‘ಕುಂಭಕ’ವೂ ಹೊಳೆಯಿತು. ಕುಂಭವೂ ಇದೆ, ಉಸಿರು ಹಿಡಿಯುವುದೂ ಇದೆ. ಆದರೆ ಜಪಾನಿನವರ ಜಾಜೆನ್ ಧ್ಯಾನದಲ್ಲಿ ಉಸಿರು ಕಟ್ಟುವುದಿಲ್ಲ, ಅದರ ಪಾಡಿಗೆ ಬಿಡುತ್ತಾರೆ. ಆವಿಗೆಗೂ ಗಾಳಿ ಪೂರ್ತಿ ನಿಲ್ಲಿಸುವುದಿಲ್ಲ. ಸುಳ್ಳಾಗುತ್ತದೆ.

ಸದ್ಯಕ್ಕೆ ನನಗೆ ಇಷ್ಟವಾಗಿರುವುದು ‘ತಗ್ಗು’. ಗಾಳಿ ತಗ್ಗಿಸಿ ಸುಡಬಹುದು. ಮನುಷ್ಯ ತಗ್ಗಿ ನಡೆಯಬಹುದು. ನೆರೆಯೂ ತಗ್ಗುತ್ತದೆ. ಮಳೆಗಾಲದಲ್ಲಿ ಪೇಪರ್ ಬಿಡಿಸಿದರೆ ‘ತಗ್ಗು ಪ್ರದೇಶಕ್ಕೆ ನುಗ್ಗಿದ ನೀರು’ ಇದ್ದೇ ಇರುತ್ತದೆ. ಸುನಾಮಿ ಆದ ಮೇಲೆ ಕೂತ ಈ ಮನುಷ್ಯನಿಗೆ ಇದಕ್ಕಿಂತ ಹತ್ತಿರದ ಪದ ನನಗಂತೂ ಸಿಗಲಿಲ್ಲ.

ತೊಂದರೆ ಒಂದೇ. ಕ್ರಿಯಾಪದವಾಗಿ ಚೆನ್ನಾಗಿದೆ, ಹೆಸರಾಗಿ ನಿಲ್ಲುತ್ತಿಲ್ಲ. ಬರೀ ‘ತಗ್ಗು’ ಅಂತ ಬರೆದರೆ ಹುಬ್ಬಳ್ಳಿ ಕಡೆಯವರಿಗೆ ರಸ್ತೆಯ ಗುಂಡಿ. ‘ತಗ್ಗುವಿಕೆ’ ಸರ್ಕಾರಿ ಸುತ್ತೋಲೆಯ ಹಾಗಿದೆ. ‘ತಗ್ಗಿಕೆ’ ಅಂತ ಯಾರಾದರೂ ಬಳಸಿದ್ದು ಕಂಡಿದ್ದೀರಾ? ಇನ್ನೊಂದು, ನಿಮ್ಮ ಊರಿನ ಕುಂಬಾರರು ಕಪ್ಪು ಮಡಕೆಗೆ ಆವಿಗೆ ಮುಚ್ಚಿ ಸುಡುವಾಗ ಆ ಕೆಲಸಕ್ಕೆ ಏನಂತಾರೆ? ತುಳು, ಕುಂದಗನ್ನಡ ಯಾವುದಾದರೂ ಸರಿ. ಕೇಳಿದ್ದು ಕೇಳಿದ ಹಾಗೇ ಬರೆಯಿರಿ.