ಇಂಟರ್‌ಕಲೇಶನ್‌ಗೆ ‘ಒಕ್ಕಲು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಪುಣೆಯ ನಮ್ಮ ಕನ್ನಡ ಬಳಗದ ಸಂಚಿಕೆಗೆ ಬ್ಯಾಟರಿ ಬಗ್ಗೆ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದದ ಹತ್ತಿರ ಗಾಡಿ ನಿಂತಿದೆ. ಇಂಟರ್‌ಕಲೇಶನ್. ಅಂದರೆ ಲಿಥಿಯಂ ಅಯಾನು (ವಿದ್ಯುದಂಶ ಹೊತ್ತ ಪರಮಾಣು) ಎಲೆಕ್ಟ್ರೋಡಿನ, ಅಂದರೆ ಬ್ಯಾಟರಿಯ ಧ್ರುವದ, ಪದರಗಳ ನಡುವೆ ಹೊಕ್ಕು ಕೂರುತ್ತೆ, ಆಮೇಲೆ ಪದರ ಕೆಡಿಸದೆ ಎದ್ದು ಹೋಗುತ್ತೆ. ಗ್ರಾಫೈಟ್‌ನಲ್ಲಿ ಆಗುವುದು ಇದೇ, ಪೂರ್ತಿ ತುಂಬಿದಾಗ 6 ಇಂಗಾಲಕ್ಕೆ ಒಂದು ಲಿಥಿಯಂ. ಈಗ ಅಭ್ರಕ, ವರ್ಮಿಕ್ಯುಲೈಟ್ ಥರದ ಪದರು ಪದರಾದ ಸಿಲಿಕೇಟ್ ಖನಿಜಗಳಿಂದಲೂ ಎಲೆಕ್ಟ್ರೋಡ್ ಮಾಡಬಹುದಾ ಅಂತ ನೋಡುತ್ತಿದ್ದಾರೆ.

‘ಅಂತರ್ನಿವೇಶನ’ ಅಂತ ಬರೆದು ನೋಡಿದೆ, ಕಣ್ಣಿಗೆ ಏನೂ ಕಟ್ಟುವುದಿಲ್ಲ. ‘ನುಸುಳುವಿಕೆ’ ಅಂದರೆ ಗಡಿ ದಾಟಿ ಬಂದವರ ನೆನಪು. ಇಂಗ್ಲಿಷ್ ಪದ ಮೂಲದಲ್ಲಿ ಪಂಚಾಂಗದ್ದು, ನಮ್ಮ ಅಧಿಕಮಾಸದ ಹಾಗೆ ನಡುವೆ ತಿಂಗಳೋ ದಿನವೋ ಸೇರಿಸುವುದು. ಆದರೆ ‘ಅಧಿಕ’ದಲ್ಲಿ ಆ ‘ನಡುವೆ’ ಇಲ್ಲ, ಅಲ್ವಾ?

ಹೋದ ವಾರ 11 ತಿಂಗಳ ಬಾಡಿಗೆ ಕರಾರು ಮುಗಿದು ಕೋಥರೂಡ್‌ನಿಂದ ಪಾಷಾಣ್‌ಗೆ ಮನೆ ಬದಲಾಯಿಸಿದೆವು. ಅಮ್ಮ ಫೋನಿನಲ್ಲಿ ‘ಹಾಲುಕ್ಕಿಸಿದ್ರಾ, ಒಕ್ಕಲಾಯ್ತಾ?’ ಅಂದರು. ಪದ ಸಿಕ್ಕಿತು ಅನ್ನಿಸಿತು.

ಲಿಥಿಯಂ ಪದರಕ್ಕೆ ಒಕ್ಕಲಾಗುತ್ತೆ. ಚಾರ್ಜ್ ಮಾಡುವಾಗ ಹೊರಗಿನ ವಿದ್ಯುತ್ತಿನ ಒತ್ತಡ ಹಾಕಿ ಕ್ಯಾಥೋಡಿನಿಂದ (ಬ್ಯಾಟರಿಯ ಧನ ಧ್ರುವದಿಂದ) ಅದನ್ನು ಒಕ್ಕಲೆಬ್ಬಿಸುತ್ತೇವೆ. ಅಭ್ರಕಕ್ಕಂತೂ ಇದು ಇನ್ನೂ ಚೆನ್ನಾಗಿ ಕೂರುತ್ತೆ, ಅಲ್ಲಿ ಪೊಟ್ಯಾಸಿಯಂ ಮೊದಲೇ ಬಿಗಿಯಾಗಿ ಕೂತಿದೆ, ಜಪ್ಪಯ್ಯ ಅಂದರೂ ಜಾಗ ಬಿಡದ ಹಳೇ ಒಕ್ಕಲು. ವರ್ಮಿಕ್ಯುಲೈಟ್‌ನಲ್ಲಿರುವುದು ಜಾಸ್ತಿ ಮೆಗ್ನೀಸಿಯಂ ಮತ್ತು ನೀರು, ಅವನ್ನು ಎಬ್ಬಿಸುವುದು ಅಷ್ಟು ಕಷ್ಟವಲ್ಲ. ತುಳಸಿ ಕುಂಡಕ್ಕೆ ನರ್ಸರಿಯಿಂದ ತಂದಿದ್ದ ವರ್ಮಿಕ್ಯುಲೈಟ್ ಕಾಳೊಂದನ್ನು ಸುಮ್ನೆ ಉಗುರಿನಲ್ಲಿ ಬಿಡಿಸಿ ನೋಡಿದೆ. ಕಂದು ಹೊಳಪಿನ ಹಾಳೆಗಳು, ಹಾರ್ಮೋನಿಯಂ ತಿದಿಯ ಹಾಗೆ ಬಿಚ್ಚಿಕೊಂಡಿದ್ದವು. ಕಾಯಿಸಿದಾಗ ಒಳಗಿನ ನೀರು ಆವಿಯಾಗಿ ಉಬ್ಬಿದ್ದು ಅದು. (ಈ ಸಿಲಿಕೇಟ್‌ಗಳಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ, ಹಳೇ ಇಸ್ತ್ರಿಪೆಟ್ಟಿಗೆಗೆ ಅಭ್ರಕ ಹಾಕುತ್ತಿದ್ದದ್ದೇ ಅದಕ್ಕೆ. ಹಾಗಾಗಿ ಎಲೆಕ್ಟ್ರೋಡ್ ಮಾಡುವಾಗ ಇಂಗಾಲ ಬೆರೆಸಬೇಕಾಗುತ್ತೆ.)

ತೊಡಕು ಬಂದದ್ದು ಪಕ್ಕದ ಮನೆಯಿಂದ. ಅವರು ಧಾರವಾಡ ಕಡೆಯವರು. ಬರೆದದ್ದನ್ನು ಓದಿ, ‘ಒಕ್ಕಲುತನ ಅಂದ್ರ ಬ್ಯಾಸಾಯರೀ, ಬ್ಯಾಟರಿ ಒಳಗ ಏನ್ ಬಿತ್ತೀರಿ?’ ಅಂದರು. ಕರಾವಳಿಯಲ್ಲಿ ಒಕ್ಕಲು ಅಂದರೆ ಗೇಣಿದಾರ, ಅದು ನನ್ನ ಅರ್ಥಕ್ಕೆ ಹತ್ತಿರವೇ.

ನಿಮ್ಮ ಕಡೆ ‘ಒಕ್ಕಲಾಗು’ ಅಂದರೆ ಮೊದಲು ಏನು ನೆನಪಿಗೆ ಬರುತ್ತೆ? ಇನ್ನೊಂದು, ಕ್ರಿಯಾಪದವಾಗಿ ಸರಿಹೋಗುತ್ತೆ, ನಾಮಪದ ಬೇಕಾದಾಗ ‘ಒಕ್ಕಲಾಗುವಿಕೆ’ ಅನ್ನಕ್ಕೆ ನನಗೆ ಬಾಯಿ ಬರುತ್ತಿಲ್ಲ. ಬರೀ ‘ಒಕ್ಕಲು’ ಅಂತ ಬಿಟ್ಟರೆ ನಡೆಯುತ್ತಾ?